ಆರನೆಯ ಕಾಲಂ ತುಂಬಿದವನ ಬಿನ್ನಹ

ನಮ್ಮ ಬಡಾವಣೆಯ ಪ್ರಾಥಮಿಕ ಶಾಲೆಯ ವರ್ಷಾಂತ್ಯ ಸಮುದಾಯ ಚಟುವಟಿಕೆಗಳ ಹಾಗೂ ತರಗತಿ ಬಡ್ತಿಯ ಸಂಯೋಜಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬದೆ ವಿಧಿಯೂ ಇಲ್ಲ, ಏಕೆಂದರೆ ಕಳೆದ ಒಂಬತ್ತು ದಿನಗಳಲ್ಲಿ ಐದು ಸಲ ನಾನು ತಮ್ಮ ಕೋಣೆಯ ಬಾಗಿಲಿಗೆ ಬಂದಾಗಲೂ ತಾವು ಸಭೆಯಲ್ಲಿದ್ದೀರೆಂದೇ ಜವಾನರು ತಿಳಿಸಿದರು, ಮತ್ತು ರಜೆಯ ದಿನಗಳಲ್ಲೂ ಒಂದಾದ ಮೇಲೊಂದು ಸಭೆಯನ್ನು ತಾಳಿಕೊಳ್ಳಬಲ್ಲ ದೇಹಕ್ಕೆ ಯಾವ ಕಾಯಿಲೆ ತಾನೇ ತಟ್ಟೀತು! ಮೂರನೆಯ ಸಲ ಬಂದಾಗ ಬಾಗಿಲಿನ ಸಂದಿಯಿಂದ ಬಿಸ್ಕತ್ತು ಮುರಿಯುವ ಸದ್ದು ಕೇಳಿಸಿತು. ಚರ್ಚೆ ಗಹನವಾದ ಘಟ್ಟ ತಲುಪಿದೆಯೆಂದು ತಿಳಿದು ಹೆಜ್ಜೆ ಸಪ್ಪಳವಾಗದಂತೆ ಹಿಂತಿರುಗಿದೆ. ಮುಖತಃ ಅರಿಕೆ ಮಾಡಿಕೊಳ್ಳಬೇಕಾಗಿದ್ದ ವಿಷಯವನ್ನು ಹೀಗೆ ನಾಲ್ಕು ಜನ ಓದುವಂತೆ ಬರೆದು ಶಾಲೆಯ ಗೇಟಿಗೆ ಅಂಟಿಸುತ್ತಿರುವುದಕ್ಕೆ ಇದೊಂದೇ ಕಾರಣ. ಗೇಟಿಗೆ ಸಭೆಗಳಿರುವುದಿಲ್ಲ.

ನನ್ನ ಪರಿಚಯವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಕಚೇರಿಯ ಕಾಂಪೌಂಡಿನ ಹೊರಗೆ ಮಡಚುವ ಮೇಜು ಹಾಕಿಕೊಂಡು ಇಪ್ಪತ್ತಾರು ವರ್ಷಗಳಿಂದ ಬೇರೆಯವರ ಅರ್ಜಿಗಳನ್ನು ಬರೆದುಕೊಡುತ್ತಿರುವವನು ನಾನು. ಮನೆಗೆ ನೀರು ಬಾರದವರು, ಬಂದ ನೀರು ನಿಲ್ಲದವರು, ಕಣ್ಣೆದುರು ಬದುಕಿದ್ದೂ ದಾಖಲೆಯಲ್ಲಿ ತೀರಿಕೊಂಡವರು, ಇವರೆಲ್ಲರ ಗೋಳಿಗೂ 'ಮಾನ್ಯರೇ' ಎಂಬ ತಲೆಯನ್ನೂ 'ತಮ್ಮ ವಿಶ್ವಾಸಿ' ಎಂಬ ಬಾಲವನ್ನೂ ಜೋಡಿಸಿ ನಡೆಯುವಂತೆ ಮಾಡುವುದು ನನ್ನ ಕಸುಬು. ಈ ಕಸುಬಿಗೆ ಎರಡೇ ನಿಯಮ. ಬರೆದದ್ದನ್ನು ಅರ್ಜಿದಾರರಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳದೆ ಸಹಿ ಹಾಕಿಸಬಾರದು, ಮತ್ತು ಪ್ರಾಣ ಹೋದರೂ ಯಾವ ಕಾಲಮನ್ನೂ ಖಾಲಿ ಬಿಡಬಾರದು. ಖಾಲಿ ಕಾಲಂ ಕಂಡರೆ ಗುಮಾಸ್ತರಿಗೆ ಹಬ್ಬ; ಅರ್ಜಿಯನ್ನು ತಿರುಗಿಸಿ ಕೊಡಲು ಅದಕ್ಕಿಂತ ಒಳ್ಳೆಯ ನೆಪ ಅವರಿಗೆ ಬೇಡ. ಈ ಎರಡನೆಯ ನಿಯಮವೇ ನನ್ನ ಮನೆಯನ್ನು ಮುಳುಗಿಸಿತೆಂಬುದನ್ನು ಮುಂದೆ ನಿವೇದಿಸಿಕೊಳ್ಳುತ್ತೇನೆ.

ಆದರೆ ಅದಕ್ಕೂ ಮೊದಲು, ವರ್ಷಾಂತ್ಯದ ವಾರದಲ್ಲಿ ತಾವು ನಡೆಸಿಕೊಟ್ಟ ಸಮುದಾಯ ಚಟುವಟಿಕೆಗಳನ್ನು ಹೊಗಳದೆ ಮುಂದೆ ಹೋದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. 'ನಮ್ಮ ಬೀದಿ, ನಮ್ಮ ಹೊಣೆ' ಎಂಬ ದಿನದಂದು ಬೀದಿ ಗುಡಿಸುವ ಅಮ್ಮ ಬೆಳಗಿನ ಆರಕ್ಕೇ ತನ್ನ ಕೆಲಸ ಮುಗಿಸಿಬಿಟ್ಟಿದ್ದರಿಂದ ಮಕ್ಕಳಿಗೆ ಹೊರಲು ಹೊಣೆಯೇ ಉಳಿಯದ ವಿಷಮ ಸ್ಥಿತಿ ಒದಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರು. ತಾವಾದರೋ ಆಕೆಯ ಗಾಡಿಯಲ್ಲಿದ್ದ ತರಗೆಲೆಯನ್ನೆಲ್ಲ ಮತ್ತೆ ಬೀದಿಗೆ ಸುರಿಸಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಹೊಸ ಪೊರಕೆಗಳನ್ನು ಮಕ್ಕಳ ಕೈಗಿತ್ತು, ಹನ್ನೆರಡು ನಿಮಿಷ ಬಗ್ಗಿ ನಿಲ್ಲಿಸಿ ಫೋಟೊ ತೆಗೆಸಿ, ಸಮುದಾಯವನ್ನು ಸ್ವಚ್ಛಗೊಳಿಸಿದಿರಿ. ಆ ಅಮ್ಮ ಮಾರನೆಯ ದಿನ ನನ್ನ ಮೇಜಿನ ಬಳಿ ನಿಂತು, "ಬೆಳಿಗ್ಗೆ ಒಂದ್ಸಲ ಗುಡಿಸಿದ್ದೆ, ಮೇಡಂ ಹೇಳಿದ್ರು ಅಂತ ಸುರಿದೆ, ಅವರೆಲ್ಲ ಹೋದ್ಮೇಲೆ ಮತ್ತೆ ಗುಡಿಸಿದೆ, ಅವೇ ಎಲೆ ಸ್ವಾಮಿ, ನಂಗೆ ಒಂದೊಂದೂ ಗುರುತು ಸಿಕ್ಕಿಬಿಡ್ತು" ಎಂದು ಹೇಳಿ ಹೋದರು. ದೂರು ಬರೆದುಕೊಡಲೇ ಎಂದು ಕೇಳಿದೆ. ಬೇಡ, ಮುಂದಿನ ವರ್ಷ ಅವರು ಇನ್ನೂ ಬೇಗ ಬಂದುಬಿಟ್ಟಾರು ಎಂದರು.

'ನಮ್ಮ ಸಹಾಯಕರಿಗೆ ವಂದನೆ' ಎಂಬ ದಿನದ ಔದಾರ್ಯವನ್ನಂತೂ ನಾನು ಸ್ವತಃ ಅನುಭವಿಸಿದ್ದೇನೆ. ಪಠ್ಯಪುಸ್ತಕದಲ್ಲಿ ಸಮಾಜದ ಸಹಾಯಕರು ಎಂಟೇ ಜನರಿದ್ದು, ಅರ್ಜಿ ಬರೆಯುವವನ ಚಿತ್ರ ಅದರಲ್ಲಿ ಇಲ್ಲದ ಕಾರಣ, ಕರೆಸಿದ ನನ್ನನ್ನು ಎಲ್ಲಿ ಕೂರಿಸುವುದೆಂಬ ಗೊಂದಲ ತಮಗುಂಟಾಯಿತು. ಅದೃಷ್ಟಕ್ಕೆ ಅಂಚೆಯವರು ಬಂದಿರಲಿಲ್ಲ. ಎರಡನೆಯ ಯೋಚನೆಯಿಲ್ಲದೆ ತಾವು ನನ್ನ ತಲೆಗೆ ರಟ್ಟಿನ ಟೊಪ್ಪಿ ಇಟ್ಟು, ಹೆಗಲಿಗೆ ಚೀಲ ತೂಗುಹಾಕಿ, ಅಂಚೆಯಣ್ಣನ ಕುರ್ಚಿಯಲ್ಲಿ ಕೂರಿಸಿದಿರಿ. ಕಾಲು ಶತಮಾನ ಕಾಗದ ಬರೆದವನಿಗೆ ಕೊನೆಗೂ ಅದನ್ನು ಹೊರುವ ಹುದ್ದೆಗೆ ಬಡ್ತಿ ಸಿಕ್ಕಿತೆಂದು ನಾನೂ ಸುಮ್ಮನಿದ್ದೆ. ಆಗ ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನ್ನ ಮಗಳು ಪಕ್ಕದ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ಆ ಹುಡುಗಿ ತಟ್ಟನೆ ಎದ್ದು ನಿಂತು, "ಮಿಸ್, ಅವ್ರು ಅಂಚೆಯವ್ರಲ್ವಂತೆ, ಇವಳಪ್ಪ ಅಂತೆ, ಅವ್ರು ಬರೆಯೋರಂತೆ" ಎಂದು ಇಡೀ ಸಭಾಂಗಣಕ್ಕೆ ಕೇಳುವಂತೆ ಸಾರಿದಳು. ತಾವು ಬೆರಳು ತುಟಿಗಿಟ್ಟು ಅವಳನ್ನು ಕೂರಿಸಿದಿರಿ. ನನಗೆ ಮಾತ್ರ ಆ ಟೊಪ್ಪಿಯೊಳಗೇ ತಲೆ ಒಂದು ಗೇಣು ಎತ್ತರವಾಯಿತು.

ಆ ಇಬ್ಬರು ಹುಡುಗಿಯರೇ ಈ ಪತ್ರದ ವಿಷಯ. ನನ್ನ ಮಗಳಿಗೆ ಏಳು ವರ್ಷ. ಮನೆಯಲ್ಲಿ ಅವಳನ್ನು ನಾವು ಕರೆಯುವುದು ವಟವಟೆ ಎಂದು. ಅವಳು ಎಚ್ಚರವಾಗಿರುವಾಗ ನನ್ನ ಹೆಂಡತಿಗಾಗಲಿ ನನಗಾಗಲಿ ಒಂದು ವಾಕ್ಯವನ್ನು ಪೂರ್ತಿ ಮಾಡುವ ಭಾಗ್ಯ ಸಿಕ್ಕಿಲ್ಲ. ಅದೇ ಮಗು ಶಾಲೆಯ ಗೇಟು ದಾಟಿದೊಡನೆ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಒಂದನೆಯ ತರಗತಿಯಲ್ಲಿ ಆರು ತಿಂಗಳು ಅವಳು ಯಾರೊಂದಿಗೂ ಒಂದು ಅಕ್ಷರ ಆಡಲಿಲ್ಲ, ಬಾಯಾರಿದರೆ ನೀರು ಕೇಳಲಿಲ್ಲ, ಬಚ್ಚಲಿಗೆ ಹೋಗಬೇಕೆಂದೂ ಹೇಳಲಿಲ್ಲ. ದಿನಾ ಸಂಜೆ ಅವಳ ಅಮ್ಮ ಒದ್ದೆ ಲಂಗವನ್ನು ಒಗೆಯುತ್ತ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿಯೂ ನೋಡದವನಂತೆ ಕುಳಿತಿರುತ್ತಿದ್ದೆ. ಆಮೇಲೆ ಬಡಗಿಯವರ ಮಗಳು, ನಮ್ಮ ಬೀದಿಯ ಕೊನೆಯ ಮನೆಯವಳು, ಅವಳ ಬೆಂಚಿಗೆ ಬಂದು ಕುಳಿತಳು. ಅದು ಹೇಗೆ ಕುದುರಿತೋ ದೇವರಿಗೇ ಗೊತ್ತು, ನನ್ನ ಮಗಳು ಅವಳ ಕಿವಿಯಲ್ಲಿ ಪಿಸುಗುಟ್ಟುವುದು, ಅವಳು ಎದ್ದು ನಿಂತು "ಮಿಸ್, ಇವಳಿಗೆ ನೀರು ಬೇಕಂತೆ", "ಮಿಸ್, ಇವಳಿಗೆ ಲೆಕ್ಕ ಬಂತಂತೆ" ಎಂದು ಒಪ್ಪಿಸುವುದು, ಹೀಗೆ ಒಂದೂವರೆ ವರ್ಷ ನಡೆಯಿತು. ಲಂಗ ಒದ್ದೆಯಾಗುವುದು ನಿಂತಿತು. ಅರ್ಜಿ ಬರೆಯುವವನ ಮಗಳಿಗೆ ತನ್ನದೇ ಒಬ್ಬ ಅರ್ಜಿಯವಳು ಸಿಕ್ಕಳೆಂದು ನಾವು ನಗುತ್ತಿದ್ದೆವು. ಈ ವರ್ಷದ ಕೊನೆಗೆ ಕಿವಿಯಲ್ಲಿ ಹೇಳುತ್ತಿದ್ದ ಪಿಸುಮಾತು ಮುಂದಿನ ಬೆಂಚಿನವರಿಗೂ ಕೇಳುವಷ್ಟು ಬೆಳೆದಿತ್ತೆಂದು ತರಗತಿಯ ಉಪಾಧ್ಯಾಯಿನಿಯೇ ನನಗೆ ಹೇಳಿದ್ದರು.

ಇಂಥ ಹೊತ್ತಿನಲ್ಲಿ ತಮ್ಮ ಹಳದಿ ಬಣ್ಣದ ಫಾರಂ ಮನೆಗೆ ಬಂತು. ಎರಡರಿಂದ ಮೂರನೆಯ ತರಗತಿಗೆ ಹೋಗುವ ಮಕ್ಕಳನ್ನು ಹೊಸದಾಗಿ ಎರಡು ವಿಭಾಗ ಮಾಡಲಾಗುವುದೆಂದೂ, ಪೋಷಕರು ಏಳು ಕಾಲಂಗಳಲ್ಲಿ ಮಾಹಿತಿ ಕೊಟ್ಟು ಸಹಕರಿಸಬೇಕೆಂದೂ ಅದರಲ್ಲಿತ್ತು. ಆರನೆಯ ಕಾಲಂ ಹೀಗಿತ್ತು: 'ಮಗುವಿಗೆ ತರಗತಿಯಲ್ಲಿ ಅತ್ಯಂತ ಆಪ್ತರಾದ ಒಬ್ಬರ ಹೆಸರು ಮತ್ತು ಆಪ್ತತೆಯ ವಿವರ, ನಾಲ್ಕು ಸಾಲು ಮೀರದಂತೆ'. ನನ್ನ ಮೈಯೆಲ್ಲ ಪುಳಕಿತವಾಯಿತು. ಇಪ್ಪತ್ತಾರು ವರ್ಷಗಳಲ್ಲಿ ಯಾವ ಕಚೇರಿಯೂ ಯಾರನ್ನೂ 'ನಿಮಗೆ ಆಪ್ತರು ಯಾರು' ಎಂದು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಜೊತೆಯಲ್ಲಿ ಇಡಲೆಂದಲ್ಲದೆ ಮತ್ತೇಕೆ ಕೇಳುತ್ತಾರೆ? ಒಳ್ಳೆಯ ಪೆನ್ನು ತೆಗೆದು, ಅಕ್ಷರ ಸಣ್ಣದು ಮಾಡಿ, ನಾಲ್ಕು ಸಾಲಿನಲ್ಲಿ ಎಂಟು ಸಾಲಿನ ವಿಷಯ ತುಂಬಿದೆ. ಈ ಮಗು ಶಾಲೆಯಲ್ಲಿ ಮಾತನಾಡುವುದು ಈಕೆಯೊಂದಿಗೆ ಮಾತ್ರವೆಂದು ಬರೆದೆ, ನೀರಿಗೂ ಬಚ್ಚಲಿಗೂ ಈಕೆಯೇ ದಿಕ್ಕೆಂದು ಬರೆದೆ, ಕೊನೆಗೆ ನನ್ನ ಕಸುಬಿನ ಚಪಲ ತಡೆಯಲಾಗದೆ 'ಇವರದು ಅಗಲಿಸಲಾಗದ ಜೋಡಿಯೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ' ಎಂದು ಮುಕ್ತಾಯ ಮಾಡಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನನ್ನ ಮನೆಗೆ ಮಾತ್ರ ಬೆಂಕಿ ಇಟ್ಟುಕೊಂಡಂತೆ ಆಗುತ್ತಿತ್ತು. ಆದರೆ ಸಂಜೆಗೆ ಬಡಗಿಯವರು ತಮ್ಮ ಮಗಳ ಫಾರಂ ಹಿಡಿದು ಬಂದರು. ಅವರ ಹಿಂದೆ ಇಸ್ತ್ರಿ ಅಂಗಡಿಯವರು, ಬಸ್ಸು ಓಡಿಸುವವರ ಹೆಂಡತಿ, ಆಸ್ಪತ್ರೆಯ ನರ್ಸಮ್ಮ, ಹೀಗೆ ನಮ್ಮ ಬೀದಿಯವರೆಲ್ಲ. "ನಮ್ಮ ಕೈಯಲ್ಲಿ ಬರೆದ್ರೆ ಯಾರು ಓದ್ತಾರೆ, ನೀವೇ ಸೊಗಸಾಗಿ ಬರೆದುಬಿಡಿ" ಎಂದರು. ನನ್ನ ಮಗಳದೂ ಸೇರಿ ಹನ್ನೊಂದು ಫಾರಂ ಆದವು. ಇಸ್ತ್ರಿಯವರು ಆರನೆಯ ಕಾಲಂ ಬಂದಾಗ "ಇದನ್ನ ಬಿಟ್ರೆ ನಡೆಯುತ್ತಾ" ಎಂದು ಕೇಳಿದರು, ಮತ್ತು ಮಾನ್ಯರೇ, ಖಾಲಿ ಬಿಟ್ಟ ಕಾಲಮಿನ ಅಪಾಯವನ್ನು ಕುರಿತು ನಾನು ಅವರಿಗೆ ಒಂದು ಭಾಷಣವನ್ನೇ ಮಾಡಿದೆ. ಹನ್ನೊಂದರಲ್ಲೂ ಆಪ್ತತೆಯನ್ನು ಉಕ್ಕಿಸಿ ಬರೆದೆ, ಹನ್ನೊಂದರಲ್ಲೂ 'ಅಗಲಿಸಲಾಗದ' ಎಂಬ ಪದವನ್ನು ಇಟ್ಟೆ, ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ ಹೇಳಿ ಸಹಿ ಹಾಕಿಸಿದೆ. ಬಡಗಿಯವರು ಕೇಳುತ್ತ ಕೇಳುತ್ತ ಕಣ್ಣು ತುಂಬಿಕೊಂಡರು.

ಇನ್ನು 'ಮೆಟ್ಟಿಲೇರುವ ದಿನ'. ಎರಡನೆಯ ತರಗತಿಯ ಮಕ್ಕಳು ನೆಲಮಹಡಿಯಿಂದ ಮೊದಲ ಮಹಡಿಗೆ ಹೋಗುವುದನ್ನು ಇನ್ನೂರು ಜನರೆದುರು ಸಮಾರಂಭ ಮಾಡುವ ಕಲ್ಪನೆ ತಮ್ಮದೇ ಎಂದು ಕೇಳಿದ್ದೇನೆ, ಮತ್ತು ಬೇರೆ ಯಾರದ್ದೂ ಆಗಿರಲಾರದೆಂದು ನಂಬುತ್ತೇನೆ. ಮೆಟ್ಟಿಲಿನ ಬುಡದಲ್ಲಿ ಬಣ್ಣದ ಕಾಗದದ ಕಮಾನು, ತಲೆಗೆ ಕಾಗದದ ಕಿರೀಟ, ಕೈಗೆ ಮೈಕು. ಒಂದೊಂದು ಮಗುವೂ 'ನಾನು ಮೂರನೆಯ ತರಗತಿಗೆ ಹೋಗುತ್ತಿದ್ದೇನೆ' ಎಂದು ಮೈಕಿನಲ್ಲಿ ಹೇಳಿ, ಮೆಟ್ಟಿಲು ಹತ್ತಿ, 'ಸ್ನೇಹ' ವಿಭಾಗವಾದರೆ ಎಡಕ್ಕೂ 'ಸೌಹಾರ್ದ' ವಿಭಾಗವಾದರೆ ಬಲಕ್ಕೂ ತಿರುಗಬೇಕು. ಯಾವ ಮಗು ಯಾವ ಕಡೆ ಎಂಬುದು ಅಲ್ಲಿ ಹೆಸರು ಕೂಗುವವರೆಗೆ ಯಾರಿಗೂ ತಿಳಿಯಬಾರದು, ಅಚ್ಚರಿಯಿರಬೇಕೆಂದು ತಮ್ಮ ಸೂಚನೆ. ಬಡಗಿಯವರ ಮಗಳ ಹೆಸರು ಮೊದಲು ಬಂತು, ಅವಳು ಖುಷಿಯಿಂದ ಹತ್ತಿ ಬಲಕ್ಕೆ ತಿರುಗಿ, ಬಾಗಿಲಲ್ಲೇ ನಿಂತು ಕಾದಳು. ಆಮೇಲೆ ನನ್ನ ಮಗಳ ಹೆಸರಿನ ಹಿಂದೆಯೇ 'ಸ್ನೇಹ' ಎಂದು ಮೈಕು ಕೂಗಿತು.

ಮೈಕನ್ನು ಬಾಯಿಗೆ ಹಿಡಿದರೂ ಅವಳು ಏನೂ ಹೇಳಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿ, ಮೇಲೆ ನೋಡಿ, ಅಲ್ಲೇ ಕುಳಿತುಬಿಟ್ಟಳು. ಬಡಗಿಯವರ ಮಗಳು ದಡದಡನೆ ಕೆಳಗಿಳಿದು ಬಂದು, ಅವಳ ಬಾಯಿಯ ಬಳಿ ಕಿವಿಯಿಟ್ಟು, "ಮಿಸ್, ಇವಳಿಗೆ..." ಎನ್ನುವಷ್ಟರಲ್ಲಿ ತಮ್ಮ ಸ್ವಯಂಸೇವಕರೊಬ್ಬರು ಅವಳ ಹೆಗಲು ಹಿಡಿದು, "ನಿನ್ನ ಕ್ಲಾಸು ಆ ಕಡೆ ಪುಟ್ಟಾ" ಎಂದು ಮೇಲಕ್ಕೆ ಕರೆದೊಯ್ದರು. ತಾವು ಮೈಕು ತೆಗೆದುಕೊಂಡು, "ಮಗು ನಾಚ್ಕೊಂಡಿದೆ, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ ಪ್ರೋತ್ಸಾಹ ಕೊಡಿ" ಎಂದಿರಿ. ಇನ್ನೂರು ಜನ ತಟ್ಟಿದರು. ಹಾಡು ಹಾಕಲಾಯಿತು. ನನ್ನ ಮಗಳು ಎರಡೂ ಕಿವಿ ಮುಚ್ಚಿಕೊಂಡಳು, ಮತ್ತು ಅವಳ ಲಂಗದ ಕೆಳಗಿನಿಂದ ನಾಲ್ಕನೆಯ ಮೆಟ್ಟಿಲಿನ ಮೇಲಿಂದ ಮೂರನೆಯದಕ್ಕೆ ನೀರು ಇಳಿಯಿತು. ಆಗ ಚಪ್ಪಾಳೆ ಒಂದೊಂದಾಗಿ ನಿಂತಿತು. ಅವಳನ್ನು ಎತ್ತಿಕೊಂಡು ಗೇಟಿನವರೆಗೆ ನಡೆದದ್ದು ನನಗೆ ನೆನಪಿದೆ. ಕಿರೀಟ ಅವಳ ತಲೆಯ ಮೇಲೇ ಇತ್ತು.

ಹೆಂಡತಿಯ ಬಳಿ ಮಗುವನ್ನು ಬಿಟ್ಟು ನಾನು ಮತ್ತೆ ಬಂದಾಗ ತಾವು ಕಮಾನನ್ನು ಮಡಚಿಸುತ್ತಿದ್ದಿರಿ. ಅಂದೇ ಕೊನೆ, ತಮ್ಮ ದರ್ಶನವಾದದ್ದು. ತಾವು ಬೇಸರಿಸದೆ ನನ್ನ ಫಾರಂ ಹುಡುಕಿ ತೆಗೆದು, 'ಅಗಲಿಸಲಾಗದ' ಎಂಬುದರ ಕೆಳಗೆ ಎಳೆದ ಕೆಂಪು ಗೆರೆಯನ್ನು ತೋರಿಸಿ, "ನಾವು ಫಾರಂ ನೋಡಿಯೇ ಮಾಡಿದ್ದು. ಅತಿಯಾಗಿ ಅಂಟಿಕೊಂಡಿರೋ ಮಕ್ಕಳನ್ನೇ ಮೊದಲು ಬಿಡಿಸ್ಬೇಕು. ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದಿರಿ. ಹನ್ನೊಂದು ಫಾರಂಗಳ ಮೇಲೂ ಅದೇ ಕೆಂಪು ಗೆರೆ, ಹನ್ನೊಂದೂ ನನ್ನದೇ ಅಕ್ಷರ. ಆರನೆಯ ಕಾಲಂ ಖಾಲಿ ಬಿಟ್ಟ ಔಷಧಿ ಅಂಗಡಿಯವರ ಮಗನೂ ಅವನ ಜೊತೆಗಾರನೂ ಒಂದೇ ವಿಭಾಗದಲ್ಲಿ ಉಳಿದಿದ್ದಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾನು ಎಷ್ಟೋ ಅರ್ಜಿಗಳಲ್ಲಿ ಬಳಸಿದ್ದೇನೆ. ದೊಣ್ಣೆಯನ್ನು ಕೆತ್ತಿ, ನುಣುಪು ಮಾಡಿ, ಕೈಗೆ ಕೊಟ್ಟವನೂ ಒಬ್ಬನಿರುತ್ತಾನೆಂದು ಯೋಚಿಸಿರಲಿಲ್ಲ.

ಈಗ ನಮ್ಮ ಬೀದಿಯಲ್ಲಿ ನಾನು ನಡೆದರೆ ಬಡಗಿಯವರು ಉಜ್ಜಿದ ಹಲಗೆಯನ್ನೇ ಮತ್ತೆ ಉಜ್ಜುತ್ತ ತಲೆಯೆತ್ತುವುದಿಲ್ಲ. ಇಸ್ತ್ರಿಯವರು ನನ್ನ ಅಂಗಿಯ ಮಡಿಕೆಯನ್ನು ತಪ್ಪು ಜಾಗಕ್ಕೆ ಹಾಕಿ ಕೊಡುತ್ತಾರೆ. ನನ್ನ ಹೆಂಡತಿ ಒಂದೇ ಮಾತು ಹೇಳಿದ್ದು: "ಊರವರ ಅರ್ಜಿ ಬರೆದೂ ಬರೆದೂ ಮಗಳನ್ನೂ ಒಂದು ಅರ್ಜಿ ಮಾಡ್ಬಿಟ್ರಲ್ಲ." ಮತ್ತು ನಮ್ಮ ವಟವಟೆ ಮನೆಯಲ್ಲೂ ಪಿಸುಮಾತಿಗೆ ಇಳಿದಿದ್ದಾಳೆ. ನಾನು, ನನ್ನ ಹೆಂಡತಿ, ಇಬ್ಬರೂ ಈಗ ಪೂರ್ತಿ ವಾಕ್ಯಗಳನ್ನು ಆಡಬಹುದು, ಆಡಲು ಏನೂ ತೋಚುವುದಿಲ್ಲ.

ಆದ್ದರಿಂದ ತಮ್ಮ ಸಿದ್ಧಾಂತಕ್ಕೆ ತಲೆಬಾಗಿ, ಅದನ್ನು ಅರ್ಧಕ್ಕೇ ನಿಲ್ಲಿಸಬಾರದೆಂದು ಪ್ರಾರ್ಥಿಸುತ್ತೇನೆ. ಅತಿಯಾಗಿ ಅಂಟಿಕೊಂಡವರನ್ನು ಬೇರ್ಪಡಿಸುವುದೇ ಬೆಳವಣಿಗೆಯಾದರೆ, ತಾವೂ ಮುಖ್ಯೋಪಾಧ್ಯಾಯರೂ ಹನ್ನೊಂದು ಗಂಟೆಗೆ ಒಟ್ಟಿಗೆ ಚಹಾ ಕುಡಿಯುವುದು ಕಳವಳಕಾರಿ. ಒಬ್ಬರು ನೆಲಮಹಡಿಯಲ್ಲೂ ಇನ್ನೊಬ್ಬರು ತಾರಸಿಯಲ್ಲೂ ಕುಡಿಯುವಂತಾಗಲಿ. ಮುಖ್ಯೋಪಾಧ್ಯಾಯರನ್ನು ಹತ್ತೊಂಬತ್ತು ವರ್ಷಗಳಿಂದ ಬಿಟ್ಟಿರಲಾರದ ಅವರ ಕುರ್ಚಿಯನ್ನು ಬೇರೆ ಶಾಲೆಗೆ ವರ್ಗಾಯಿಸಬೇಕು. ತಮ್ಮ ಪಾದರಕ್ಷೆಗಳೆರಡೂ ಒಂದನ್ನೊಂದು ಅಗಲದೆ ಓಡಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಡಗಾಲಿನದನ್ನು 'ಸ್ನೇಹ'ಕ್ಕೂ ಬಲಗಾಲಿನದನ್ನು 'ಸೌಹಾರ್ದ'ಕ್ಕೂ ಸೇರಿಸಿ, ಅವು ಹೊಸ ಗೆಳೆತನ ಬೆಳೆಸಿಕೊಳ್ಳುವುದನ್ನು ದಾಖಲಿಸಬೇಕು. ಬೀದಿ ಗುಡಿಸುವ ಅಮ್ಮನಿಗೂ ಆ ತರಗೆಲೆಗಳಿಗೂ ಬೆಳೆದಿರುವ ಅತಿಪರಿಚಯವನ್ನು ಈ ವರ್ಷವಾದರೂ ಕಡಿಮೆ ಮಾಡಬೇಕು. ಮತ್ತು ಆ ದಿನ ತಾವು ಕೊಡಿಸಿದ ಇನ್ನೂರು ಜನರ ಚಪ್ಪಾಳೆಯನ್ನು ಮನೆಮನೆಗೆ ಹೋಗಿ ಹಿಂದಕ್ಕೆ ಪಡೆದು, ಒಂದೂ ಉಳಿಯದಂತೆ ನನ್ನ ಮಗಳ ಕಿವಿಯಿಂದ ತೆಗೆಯಿಸಿಕೊಡಬೇಕು.

ಇವೆಲ್ಲ ತಮ್ಮ ಸಭೆಗಳ ನಡುವೆ ಕಷ್ಟವಾಗುವುದಾದರೆ, ಅಲಂಕಾರ ಬಿಟ್ಟು ಒಂದೇ ಮಾತು ಬರೆಯುತ್ತೇನೆ. ಸೋಮವಾರ ಶಾಲೆ ತೆರೆಯುತ್ತದೆ. ನನ್ನ ಮಗಳಿಗೆ ಬಾಯಾರಿದರೆ ಯಾರ ಕಿವಿಯಲ್ಲಿ ಹೇಳಬೇಕು? ಒಂದು ಪಟ್ಟಿಯಿಂದ ಒಂದು ಹೆಸರು ಹೊಡೆದು ಇನ್ನೊಂದು ಪಟ್ಟಿಗೆ ಸೇರಿಸಲು ಅರ್ಧ ನಿಮಿಷ ಸಾಕು, ಪೆನ್ನು ನಾನೇ ತರುತ್ತೇನೆ. ತಪ್ಪು ನನ್ನದೂ ಹೌದು. ಫಾರಂ ಅನ್ನು ನಂಬಿದೆ, ಬೀದಿಯವರನ್ನೂ ನಂಬಿಸಿದೆ. ಅದಕ್ಕೆ ಬೇಕಾದ ಶಿಕ್ಷೆ ನನಗೆ ಕೊಡಿ. ಆ ಇಬ್ಬರು ಮಕ್ಕಳನ್ನು ಒಂದು ಬೆಂಚಿನಲ್ಲಿ ಕೂರಿಸಿ.

ಆರನೆಯ ಕಾಲಂ ತುಂಬುವವರೆಗೆ
ತಮ್ಮ ವಿಶ್ವಾಸಿಯಾಗಿದ್ದ,
ಕಚೇರಿ ಕಾಂಪೌಂಡಿನ ಅರ್ಜಿಯವನು
(ಅಂಚೆಯಣ್ಣನಲ್ಲ)

ಮರೆತ ಮಾತು: ಕಸುಬಿನ ಮೊದಲ ನಿಯಮದಂತೆ, ಅಂಟಿಸುವ ಮೊದಲು ಈ ಪತ್ರವನ್ನು ನಿಜವಾದ ಅರ್ಜಿದಾರಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಗೆಳತಿಯ ಹೆಸರನ್ನು ಆ ಕಾಲಮಿನಲ್ಲಿ ಬರೆದವನು ನಾನೇ ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂಬತ್ತು ದಿನಗಳಲ್ಲಿ ಮೊದಲ ಸಲ ಪಕ್ಕದ ಮನೆಗೂ ಕೇಳುವಂತೆ ಹೇಳಿದಳು: "ಅಪ್ಪಾ, ಮುಂದಿನ ಸಲ ಅಲ್ಲಿ ಮೇಡಂ ಹೆಸ್ರು ಬರಿ. ಆಗ ಅವ್ರನ್ನ ನನ್ನಿಂದ ದೂರ ಕಳಿಸ್ತಾರೆ." ಸಲಹೆಯನ್ನು ಬೀದಿಯವರಿಗೆ ತಿಳಿಸಿದೆ, ಬಡಗಿಯವರು ತಲೆಯೆತ್ತಿ ನಕ್ಕರು. ಮುಂದಿನ ವರ್ಷ ಹನ್ನೊಂದು ಫಾರಂಗಳ ಆರನೆಯ ಕಾಲಮಿನಲ್ಲೂ ಅತ್ಯಂತ ಆಪ್ತರೆಂದು ತಮ್ಮ ಹೆಸರೇ ಇರುತ್ತದೆ, ಆಪ್ತತೆಯ ವಿವರ ನಾಲ್ಕು ಸಾಲು ತುಂಬ. ಅಗಲಿಸಲಾಗದ್ದು ಎಂದೇ ಬರೆಯುತ್ತೇನೆ. ಕೆಂಪು ಗೆರೆ ತಾವೇ ಎಳೆದುಕೊಳ್ಳಬೇಕಾಗಿ ವಿನಂತಿ.